ಬರೆಯುವ ಹೊತ್ತನ್ನು ತೀರ್ಮಾನಿಸಬೇಕಾದವರು ಯಾರು?

ಬ್ಯಾಂಕಿಗೆ ಕಟ್ಟಿದ ಹಣ ಜಮಾ ಆಯಿತೆಂದು ಮೊಬೈಲಿಗೆ ಸಂದೇಶ ಬಂದ ಮೇಲೆ ಯಾರೂ ಅದರ ಬಗ್ಗೆ ಮತ್ತೆ ತಲೆ ಕೆಡಿಸಿಕೊಳ್ಳುವುದಿಲ್ಲ. ಟಿಕೆಟ್ ಕಾಯ್ದಿರಿಸಲಾಗಿದೆ, ಅರ್ಜಿ ಸ್ವೀಕೃತವಾಗಿದೆ, ಫೈಲು ಸೇವ್ ಆಗಿದೆ ಎಂಬ ಮಾತುಗಳನ್ನೂ ನಾವು ಹಾಗೆಯೇ ನಂಬುತ್ತೇವೆ. ಮರುಕ್ಷಣವೇ ಕರೆಂಟು ಹೋದರೂ ಈ ದಾಖಲೆ ಅಳಿಯುವುದಿಲ್ಲ ಎಂಬ ಭರವಸೆ ಆ ಮಾತುಗಳಲ್ಲಿದೆ. ಭರವಸೆ ಕೊಡುವುದು ಪ್ರೋಗ್ರಾಂ. ದಾಖಲೆಯನ್ನು ಮೆಮೊರಿಯಿಂದ ಡಿಸ್ಕಿಗೆ ಇಳಿಸುವುದು ಮಾತ್ರ ಅದರ ಕೆಳಗೆ ಕೂತಿರುವ ಆಪರೇಟಿಂಗ್ ಸಿಸ್ಟಂ. ಯಾವಾಗ ಇಳಿಸಬೇಕು, ಯಾವುದನ್ನು ಮೊದಲು ಇಳಿಸಬೇಕು ಎಂಬ ತೀರ್ಮಾನವೂ ಬಹುಪಾಲು ಅದರದ್ದೇ.

ಈ ಅಧಿಕಾರ ಹಂಚಿಕೆ ಸರಿಯಾಗಿಲ್ಲ ಎಂಬುದು ನನ್ನ ವಾದ. ಮಾತು ಕೊಟ್ಟವರ ಕೈಯಲ್ಲಿ ಅದನ್ನು ನಡೆಸಿಕೊಡುವ ಸಾಧನವೂ ಇರಬೇಕು. ಫೈಲನ್ನು ನೇರವಾಗಿ ಮೆಮೊರಿಗೆ ಹೊಂದಿಸಿಕೊಳ್ಳುವ 'ಎಂಮ್ಯಾಪ್' ವಿಧಾನದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಅಲ್ಲಿ 'ಬೇಗ ಬರೆ' ಎಂದು ಕೇಳುವ ಹಕ್ಕು ಪ್ರೋಗ್ರಾಮಿಗಿದೆ. 'ತಡೆ, ಮೊದಲು ಅದು ಹೋಗಲಿ, ಆಮೇಲೆ ಇದು' ಎಂದು ಹೇಳುವ ಹಕ್ಕಿಲ್ಲ. ಈ ಒಂದು ಇಲ್ಲದಿರುವಿಕೆಯಿಂದ ಎಷ್ಟು ತೊಡಕು ಹುಟ್ಟಿದೆ, ಅದನ್ನು ಸುತ್ತಿ ಬರಲು ಡೇಟಾಬೇಸ್ ಕಟ್ಟುವವರು ಎಷ್ಟು ಪಾಡು ಪಟ್ಟಿದ್ದಾರೆ ಎಂಬುದನ್ನು ನೋಡಿದರೆ ಇದು ಪರಿಣತರಿಗಷ್ಟೇ ಬಿಟ್ಟ ಸಣ್ಣ ವಿಷಯವಲ್ಲ ಎಂದು ಗೊತ್ತಾಗುತ್ತದೆ.

ಎಂಮ್ಯಾಪ್ ಏನೆಂದು ಮೊದಲು ನೋಡೋಣ. ಸಾಮಾನ್ಯ ವಿಧಾನದಲ್ಲಿ ಪ್ರೋಗ್ರಾಂ ಫೈಲಿನಿಂದ ಬೇಕಾದ ಭಾಗವನ್ನು 'ರೀಡ್' ಎಂದು ಕೇಳಿ ತನ್ನ ಮೆಮೊರಿಗೆ ತರಿಸಿಕೊಳ್ಳುತ್ತದೆ, ತಿದ್ದಿದ ಮೇಲೆ 'ರೈಟ್' ಎಂದು ಹೇಳಿ ಹಿಂದಿರುಗಿಸುತ್ತದೆ. ಎಂಮ್ಯಾಪ್‌ನಲ್ಲಿ ಈ ಕೊಡು-ಕೊಳ್ಳುವಿಕೆ ಇಲ್ಲ. ಇಡೀ ಫೈಲು ಪ್ರೋಗ್ರಾಮಿನ ಮೆಮೊರಿಯ ಒಂದು ಭಾಗವೇ ಆಗಿ ಕಾಣುತ್ತದೆ. ಒಂದು ವೇರಿಯಬಲ್‌ಗೆ ಬೆಲೆ ಕೊಟ್ಟಷ್ಟೇ ಸಲೀಸಾಗಿ ಫೈಲಿನ ಯಾವ ಮೂಲೆಯನ್ನಾದರೂ ತಿದ್ದಬಹುದು. ಫೈಲನ್ನು ಸಾಮಾನ್ಯವಾಗಿ 4 ಕೆಬಿ ಗಾತ್ರದ ಪುಟಗಳಾಗಿ ವಿಂಗಡಿಸಿ, ಮುಟ್ಟಿದ ಪುಟವನ್ನು ಡಿಸ್ಕಿನಿಂದ ಎತ್ತಿ ತರುವ ಕೆಲಸವನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ನೋಡಿಕೊಳ್ಳುತ್ತದೆ. ತಿದ್ದಿದ ಪುಟವನ್ನು ಡಿಸ್ಕಿಗೆ ಮರಳಿಸುವ ಹೊಣೆಯೂ ಅದರದ್ದೇ.

ಈ ಆಲೋಚನೆ ಹಳೆಯದು. 1960ರ ದಶಕದಲ್ಲಿ ಎಂಐಟಿ, ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಕಟ್ಟತೊಡಗಿದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಫೈಲು ಬೇರೆ, ಮೆಮೊರಿ ಬೇರೆ ಎಂಬ ಭೇದವೇ ಇರಲಿಲ್ಲ. ಆ ಯೋಜನೆಯಿಂದ ಹೊರಬಂದ ಬೆಲ್ ಲ್ಯಾಬ್ಸ್‌ನವರು ಕಟ್ಟಿದ ಯುನಿಕ್ಸ್ ರೀಡ್-ರೈಟ್ ದಾರಿ ಹಿಡಿಯಿತು. 1983ರ 4.2 ಬಿಎಸ್‌ಡಿ ಆವೃತ್ತಿಯ ವಿನ್ಯಾಸದಲ್ಲಿ ಎಂಮ್ಯಾಪ್ ಮತ್ತೆ ಕಾಣಿಸಿಕೊಂಡರೂ ಆಗ ಅದು ಕಾಗದದ ಮೇಲೆಯೇ ಉಳಿಯಿತು. 1988ರಲ್ಲಿ ಬಂದ ಸನ್‌ಓಎಸ್ 4.0 ಅದನ್ನು ಪೂರ್ಣ ರೂಪದಲ್ಲಿ ಜಾರಿಗೆ ತಂದಿತು. ಇಂದು ಲಿನಕ್ಸ್, ಮ್ಯಾಕ್‌ಓಎಸ್, ವಿಂಡೋಸ್ ಎಲ್ಲದರಲ್ಲೂ ಇದು ಒಂದಲ್ಲ ಒಂದು ಹೆಸರಿನಲ್ಲಿ ಇದೆ.

ಪುಟ ತಿದ್ದಿದ ಮೇಲೆ ಏನಾಗುತ್ತದೆ ಎಂಬುದನ್ನು ಲಿನಕ್ಸ್‌ನಲ್ಲಿ ಹತ್ತಿರದಿಂದ ನೋಡಬಹುದು. ಇನ್ನೂ ತಿದ್ದದ ಪುಟವನ್ನು ಕರ್ನಲ್ 'ಓದಲು ಮಾತ್ರ' ಎಂದು ಗುರುತಿಸಿ ಇಟ್ಟಿರುತ್ತದೆ. ಪ್ರೋಗ್ರಾಂ ಅದರಲ್ಲಿ ಮೊದಲ ಸಲ ಬರೆಯಲು ಹೋದಾಗ ಪ್ರೊಸೆಸರ್ ತಡೆದು ಕರ್ನಲ್‌ಗೆ ಸುದ್ದಿ ಮುಟ್ಟಿಸುತ್ತದೆ. ಕರ್ನಲ್ ಆ ಪುಟಕ್ಕೆ 'ಡರ್ಟಿ' ಎಂಬ ಗುರುತು ಹಾಕಿ ಬರೆಯಲು ಬಿಡುತ್ತದೆ. ಅಲ್ಲಿಂದಾಚೆಗೆ ಪ್ರೋಗ್ರಾಂ ಆ ಪುಟದಲ್ಲಿ ಸಾವಿರ ಸಲ ಬರೆದರೂ ಕರ್ನಲ್‌ಗೆ ತಿಳಿಯುವುದಿಲ್ಲ. ಪುಟ ಡಿಸ್ಕಿಗೆ ಹೋಗುವಾಗ ಮತ್ತೆ 'ಓದಲು ಮಾತ್ರ' ಗುರುತು ಬೀಳುತ್ತದೆ. ಈ ಸುತ್ತಿನಲ್ಲಿ ಕರ್ನಲ್ ತಿಳಿದುಕೊಳ್ಳುವುದು ಇಷ್ಟೇ: ಈ ಪುಟ ಬದಲಾಗಿದೆ. ಏನು ಬದಲಾಯಿತು, ಬದಲಾವಣೆ ಮುಗಿಯಿತೋ ಅರ್ಧದಲ್ಲಿದೆಯೋ, ಇದಕ್ಕೂ ಇನ್ನೊಂದು ಪುಟಕ್ಕೂ ಸಂಬಂಧವಿದೆಯೋ ಎಂಬುದು ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಡಿಸ್ಕಿಗೆ ಬರೆಯುವುದು ಯಾವಾಗ? ಕರ್ನಲ್‌ನ ಬರೆಯುವ ಕೆಲಸಗಾರ ರೂಢಿಯ ಸೆಟ್ಟಿಂಗಿನಲ್ಲಿ 5 ಸೆಕೆಂಡಿಗೊಮ್ಮೆ ಎಚ್ಚರವಾಗಿ, ಯಾವ ಫೈಲಿನಲ್ಲಿ ಬದಲಾವಣೆ ಆಗಿ 30 ಸೆಕೆಂಡು ಕಳೆದಿದೆಯೋ ಅದನ್ನು ಇಳಿಸತೊಡಗುತ್ತದೆ. ಲಭ್ಯ ಮೆಮೊರಿಯ ಶೇಕಡಾ 10ರಷ್ಟು ಡರ್ಟಿ ಪುಟಗಳು ಸೇರಿದರೆ 30 ಸೆಕೆಂಡಿಗೂ ಕಾಯದೆ ಹಿನ್ನೆಲೆಯಲ್ಲಿ ಬರೆಯುತ್ತದೆ. ಶೇಕಡಾ 20 ಮುಟ್ಟಿದರೆ ಪುಟ ತಿದ್ದುತ್ತಿರುವ ಪ್ರೋಗ್ರಾಮುಗಳನ್ನೇ ತಡೆದು ನಿಲ್ಲಿಸುತ್ತದೆ. ಬೇರೆ ಪ್ರೋಗ್ರಾಮಿಗೆ ಮೆಮೊರಿ ಸಾಲದೆ ಬಂದರೂ, ಯಾರೋ ಇನ್ನೊಬ್ಬರು 'ಸಿಂಕ್' ಆಜ್ಞೆ ಕೊಟ್ಟರೂ ನಮ್ಮ ಪುಟಗಳು ಡಿಸ್ಕಿಗೆ ಹೋಗಬಹುದು. ಈ ಅಂಕಿಗಳನ್ನು ಬದಲಿಸಬಹುದು ನಿಜ. ಆದರೆ ಅದಕ್ಕೆ ಯಂತ್ರದ ಮೇಲ್ವಿಚಾರಕನ ಅಧಿಕಾರ ಬೇಕು, ಬದಲಿಸಿದರೆ ಆ ಯಂತ್ರದಲ್ಲಿ ಓಡುವ ಎಲ್ಲ ಪ್ರೋಗ್ರಾಮುಗಳಿಗೂ ಅದೇ ನಿಯಮ. 30 ಸೆಕೆಂಡನ್ನು 300 ಮಾಡಿದ ಮಾತ್ರಕ್ಕೆ ಅದಕ್ಕೆ ಮುಂಚೆ ಬರೆಯುವುದಿಲ್ಲ ಎಂಬ ಖಾತರಿಯೂ ಸಿಗುವುದಿಲ್ಲ.

ಬೇಗ ಬರೆಸಲು ದಾರಿ ಇದೆ. 'ಎಂಸಿಂಕ್' ಎಂಬ ಕರೆಗೆ ಕಾಯುವ ಆಯ್ಕೆ ಕೊಟ್ಟರೆ ಹೇಳಿದ ಭಾಗದ ಪುಟಗಳು ಡಿಸ್ಕಿಗೆ ಹೋಗುವವರೆಗೂ ಪ್ರೋಗ್ರಾಂ ನಿಂತು ಕಾಯುತ್ತದೆ. ಅದೇ ಎಂಸಿಂಕ್‌ನ ಕಾಯದ ಆಯ್ಕೆ, ಅಂದರೆ 'ಶುರು ಮಾಡು, ನಾನು ಮುಂದೆ ಹೋಗುತ್ತೇನೆ' ಎನ್ನುವುದು, ಲಿನಕ್ಸ್‌ನಲ್ಲಿ 2.6.19 ಆವೃತ್ತಿಯಿಂದ ಈಚೆಗೆ ಏನನ್ನೂ ಮಾಡುವುದಿಲ್ಲ. ಡರ್ಟಿ ಪುಟಗಳ ಲೆಕ್ಕ ಕರ್ನಲ್ ಬಳಿ ಹೇಗೂ ಇದೆ, ತನಗೆ ಬೇಕಾದಾಗ ಬರೆಯುತ್ತದೆ ಎಂಬುದು ಅದಕ್ಕೆ ಕಾರಣ. ತಡೆದು ಹಿಡಿಯಲು ದಾರಿ ಹುಡುಕುವವರು 'ಎಂಲಾಕ್' ಕಡೆ ನೋಡುತ್ತಾರೆ. ಅದು ಪುಟವನ್ನು ಮೆಮೊರಿಯಿಂದ ಹೊರಹಾಕದಂತೆ ಕಾಯುತ್ತದೆ, ಡಿಸ್ಕಿಗೆ ಬರೆಯುವುದನ್ನು ತಡೆಯುವುದಿಲ್ಲ. ಫ್ರೀಬಿಎಸ್‌ಡಿಯಲ್ಲಿ 'ಮ್ಯಾಪ್ ನೋಸಿಂಕ್' ಎಂಬ ಗುರುತಿದೆ. ಅದನ್ನು ಕೊಟ್ಟರೆ ಸುಮ್ಮನೆ ಹೊತ್ತು ಹೊತ್ತಿಗೆ ಬರೆಯುವುದನ್ನು ಕರ್ನಲ್ ಬಿಡುತ್ತದೆ, ಅನಿವಾರ್ಯವಾದಾಗ ಮಾತ್ರ ಬರೆಯುತ್ತದೆ. ಅದೂ ಖಾತರಿಯಲ್ಲ. ಆದರೆ ಪ್ರೋಗ್ರಾಮಿನ ಇಚ್ಛೆಗೆ ಇಷ್ಟಾದರೂ ಬೆಲೆ ಕೊಡಬಹುದು ಎಂಬುದಕ್ಕೆ ಅದು ಸಾಕ್ಷಿ.

ತಡೆಯುವ ಹಕ್ಕು ಯಾಕೆ ಬೇಕು? ಒಬ್ಬರ ಖಾತೆಯಿಂದ 500 ರೂಪಾಯಿ ಕಳೆದು ಇನ್ನೊಬ್ಬರ ಖಾತೆಗೆ ಸೇರಿಸಬೇಕು ಎಂದುಕೊಳ್ಳಿ. ಮೊದಲ ಖಾತೆ 7ನೇ ಪುಟದಲ್ಲಿ, ಎರಡನೆಯದು 12ನೇ ಪುಟದಲ್ಲಿ ಇದೆ. ಪ್ರೋಗ್ರಾಂ 7ನೇ ಪುಟದಲ್ಲಿ ಕಳೆಯಿತು, 12ನೇ ಪುಟದಲ್ಲಿ ಸೇರಿಸಿತು. ಎರಡೂ ಮೆಮೊರಿಯಲ್ಲಿ ಸರಿಯಾಗಿವೆ. ಆ ಹೊತ್ತಿಗೆ ಕರ್ನಲ್ 7ನೆಯದನ್ನು ಮಾತ್ರ ಇಳಿಸಿದೆ, ಕರೆಂಟು ಹೋಯಿತು. ಯಂತ್ರ ಮತ್ತೆ ಎದ್ದಾಗ ಡಿಸ್ಕಿನಲ್ಲಿ 500 ರೂಪಾಯಿ ಯಾರ ಖಾತೆಯಲ್ಲೂ ಇಲ್ಲ. 12ನೆಯದು ಮಾತ್ರ ಇಳಿದಿದ್ದರೆ ಇಲ್ಲದ 500 ರೂಪಾಯಿ ಹುಟ್ಟಿಕೊಳ್ಳುತ್ತಿತ್ತು. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಕರ್ನಲ್ ತನ್ನ ನಿಯಮ ಮುರಿದಿಲ್ಲ, ಡಿಸ್ಕು ಕೆಟ್ಟಿಲ್ಲ. ಆದರೂ ಲೆಕ್ಕ ತಪ್ಪಿತು. ಎಂಸಿಂಕ್ ಕರೆದು ಇದನ್ನು ತಪ್ಪಿಸಲಾಗದು. ಪ್ರೋಗ್ರಾಂ ಎಂಸಿಂಕ್ ಕರೆಯುವ ಮುಂಚೆಯೇ ಕರ್ನಲ್ ಒಂದು ಪುಟವನ್ನು ಇಳಿಸಿಬಿಟ್ಟಿರಬಹುದು. ಎಂಸಿಂಕ್ ನಡೆಯುತ್ತಿರುವಾಗಲೇ ಕರೆಂಟು ಹೋಗಬಹುದು, ಆಗಲೂ ಯಾವ ಪುಟ ಮೊದಲು ಹೋಗಿತ್ತು ಎಂಬುದು ಅದೃಷ್ಟಕ್ಕೆ ಬಿಟ್ಟದ್ದು.

ಈ ಸಮಸ್ಯೆಗೆ ಮದ್ದನ್ನು ಕಂಪ್ಯೂಟರ್ ಬರುವುದಕ್ಕೆ ಎಷ್ಟೋ ಮುಂಚೆ ನಮ್ಮ ಮಂಡಿ ವ್ಯಾಪಾರಿಗಳು ಬಲ್ಲವರಾಗಿದ್ದರು. ದಿನದ ವಹಿವಾಟನ್ನು ನಡೆದ ಕ್ರಮದಲ್ಲೇ ಮೊದಲು ಕಿರ್ದಿಗೆ ಏರಿಸಬೇಕು, ಆಮೇಲೆ ಬಿಡುವಾದಾಗ ಒಬ್ಬೊಬ್ಬರ ಹೆಸರಿನ ಖಾತೆಗೆ ಎತ್ತಿ ಬರೆಯಬೇಕು. ಖಾತೆ ಬರೆಯುವುದು ಅರ್ಧಕ್ಕೆ ನಿಂತರೂ ಕಿರ್ದಿ ನೋಡಿ ಸರಿಪಡಿಸಬಹುದು. ಕಿರ್ದಿಯಲ್ಲಿಲ್ಲದ ಬಾಬ್ತು ಖಾತೆಯಲ್ಲಿ ಕಂಡರೆ ಮಾತ್ರ ಲೆಕ್ಕಕ್ಕೆ ದಿಕ್ಕಿಲ್ಲ. ಡೇಟಾಬೇಸುಗಳ ನಿಯಮವೂ ಇದೇ. ಬದಲಾವಣೆಯ ದಾಖಲೆ 'ಲಾಗ್' ಫೈಲಿನಲ್ಲಿ ಡಿಸ್ಕಿಗೆ ಮುಟ್ಟಿದ ಮೇಲೆಯೇ ಬದಲಾದ ಪುಟ ಡಿಸ್ಕಿಗೆ ಹೋಗಬೇಕು. ಮದ್ರಾಸ್ ಐಐಟಿಯಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ 'ಏರೀಸ್' ವಿಧಾನ ಈ ನಿಯಮವನ್ನು ಶಾಸ್ತ್ರೀಯವಾಗಿ ಕಟ್ಟಿಕೊಟ್ಟಿತು. ಇಂದಿನ ಹಲವು ದೊಡ್ಡ ಡೇಟಾಬೇಸುಗಳ ಚೇತರಿಕೆ ವ್ಯವಸ್ಥೆಯ ಬೇರು ಅದರಲ್ಲಿದೆ. ವ್ಯವಹಾರ ಪೂರ್ತಿಯಾಗದ ಪುಟವೂ ಡಿಸ್ಕಿಗೆ ಹೋಗಲಿ, ತೊಂದರೆಯಿಲ್ಲ ಎನ್ನುತ್ತದೆ ಏರೀಸ್. ಅದು ಬಿಟ್ಟುಕೊಡದ ಷರತ್ತು ಒಂದೇ: ಲಾಗ್ ಮೊದಲು, ಪುಟ ಆಮೇಲೆ.

ಎಂಮ್ಯಾಪ್ ಈ ಷರತ್ತನ್ನೇ ಕೈಜಾರಿಸುತ್ತದೆ. ಪುಟ ಯಾವಾಗ ಹೋಗುತ್ತದೆ ಎಂದು ಗೊತ್ತಿಲ್ಲದಿದ್ದರೆ ಲಾಗ್ ಅದಕ್ಕಿಂತ ಮೊದಲು ಹೋಯಿತೆಂದು ಹೇಳುವುದು ಹೇಗೆ? ಒಂದು ಉಪಾಯವಿದೆ. ಲಾಗ್ ಡಿಸ್ಕಿಗೆ ತಲುಪುವವರೆಗೂ ಪುಟವನ್ನು ಮುಟ್ಟಲೇಬಾರದು. ಆಗ ಕರ್ನಲ್ ಯಾವಾಗ ಬರೆದರೂ ಅಪಾಯವಿಲ್ಲ. ಆದರೆ ಇದಕ್ಕೆ ತೆರುವ ಬೆಲೆ ದೊಡ್ಡದು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕು ಒಂದು ಸುತ್ತಿಗೆ 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಅಂದರೆ ಸೆಕೆಂಡಿಗೆ 120 ಸುತ್ತು. ಪ್ರತಿ ತಿದ್ದುಪಡಿಗೂ ಲಾಗ್ ಬರೆದು ಕಾಯುತ್ತ ಕೂತರೆ ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಕೆಲಸ ನಿಂತುಬಿಡುತ್ತದೆ. ಎಸ್‌ಎಸ್‌ಡಿಗಳಲ್ಲಿ ಈ ಕಾಯುವಿಕೆ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ಮಾಂಗೋಡಿಬಿ ಡೇಟಾಬೇಸಿನ ಕತೆ ಇಲ್ಲಿ ಪಾಠ ಹೇಳುವಂಥದ್ದು. ಅದರ ಮೊದಲ ಸಂಗ್ರಹ ಎಂಜಿನ್ ಎಂಮ್ಯಾಪ್ ಮೇಲೆಯೇ ನಿಂತಿತ್ತು. ಲಾಗ್ ವ್ಯವಸ್ಥೆ ಸೇರಿಸುವಾಗ ಅದನ್ನು ಕಟ್ಟಿದವರು ಒಂದೇ ಫೈಲನ್ನು ಎರಡು ಸಲ ಮ್ಯಾಪ್ ಮಾಡಿದರು. ಒಂದು 'ಪ್ರೈವೇಟ್' ನೋಟ, ಅದರಲ್ಲಿ ಮಾಡಿದ ಬದಲಾವಣೆ ಎಂದೂ ಫೈಲಿಗೆ ಹೋಗುವುದಿಲ್ಲ. ಇನ್ನೊಂದು 'ಶೇರ್ಡ್' ನೋಟ, ಅದರ ಬದಲಾವಣೆಯನ್ನು ಕರ್ನಲ್ ಡಿಸ್ಕಿಗೆ ಒಯ್ಯುತ್ತದೆ. ಪ್ರೋಗ್ರಾಂ ಮೊದಲು ಪ್ರೈವೇಟ್ ನೋಟದಲ್ಲಿ ತಿದ್ದುತ್ತಿತ್ತು. ಸುಮಾರು 100 ಮಿಲಿಸೆಕೆಂಡಿಗೊಮ್ಮೆ ಆ ಬದಲಾವಣೆಗಳನ್ನು ಲಾಗ್‌ಗೆ ಬರೆದು ಡಿಸ್ಕಿಗೆ ಮುಟ್ಟಿಸಿ, ಅನಂತರ ಅವೇ ಬದಲಾವಣೆಗಳನ್ನು ಶೇರ್ಡ್ ನೋಟಕ್ಕೂ ಮಾಡುತ್ತಿತ್ತು. ಶೇರ್ಡ್ ನೋಟವನ್ನು ರೂಢಿಯಲ್ಲಿ 60 ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿಸಲಾಗುತ್ತಿತ್ತು. ಪ್ರೈವೇಟ್ ನೋಟದಲ್ಲಿ ನಕಲು ಪುಟಗಳು ಬೆಳೆಯುತ್ತ ಹೋಗುವುದರಿಂದ ಆಗಾಗ ಅದನ್ನು ಹೊಸದಾಗಿ ಮ್ಯಾಪ್ ಮಾಡಬೇಕಾಗುತ್ತಿತ್ತು.

ಈ ಸುತ್ತುಬಳಸು ಯಾಕೆ? 'ಲಾಗ್ ಮುಟ್ಟುವ ತನಕ ಈ ಪುಟಗಳನ್ನು ಇಳಿಸಬೇಡ' ಎಂಬ ಒಂದು ವಾಕ್ಯವನ್ನು ಕರ್ನಲ್‌ಗೆ ಹೇಳಲು ಆಗದ್ದರಿಂದ. ಒಂದು ವಾಕ್ಯದ ಜಾಗದಲ್ಲಿ ಎರಡು ನೋಟ, ಎರಡು ಸಲ ತಿದ್ದುವಿಕೆ, ಹೆಚ್ಚಿನ ಮೆಮೊರಿ ಬಂದು ಕೂತವು. ಕೊನೆಗೆ ಮಾಂಗೋಡಿಬಿ ಕಂಪನಿ 2014ರಲ್ಲಿ ವೈರ್ಡ್‌ಟೈಗರ್ ಎಂಬ ಬೇರೆ ಎಂಜಿನ್ ಕಟ್ಟಿದ ಸಂಸ್ಥೆಯನ್ನು ಕೊಂಡಿತು. 2015ರ 3.2 ಆವೃತ್ತಿಯಿಂದ ಅದೇ ರೂಢಿಯ ಎಂಜಿನ್ ಆಯಿತು. 2019ರ 4.2 ಆವೃತ್ತಿಯಲ್ಲಿ ಎಂಮ್ಯಾಪ್ ಎಂಜಿನ್ ಪೂರ್ತಿ ಮರೆಯಾಯಿತು. ಬಿಟ್ಟುಬಿಡಲು ಬೇರೆ ಕಾರಣಗಳೂ ಇದ್ದವು, ಆದರೆ ಬರೆಯುವ ಹೊತ್ತಿನ ಮೇಲೆ ಹಿಡಿತವಿಲ್ಲದ ತಳಪಾಯದ ಮೇಲೆ ಡೇಟಾಬೇಸ್ ಕಟ್ಟುವುದು ಎಷ್ಟು ತ್ರಾಸದ ಕೆಲಸ ಎಂಬುದಕ್ಕೆ ಆ ಎರಡು ನೋಟಗಳ ವಿನ್ಯಾಸವೇ ಸಾಕು.

ಡೇಟಾಬೇಸ್ ಕಟ್ಟುವವರು ಈ ತಕರಾರನ್ನು ಬಹಳ ಹಿಂದೆಯೇ ಎತ್ತಿದ್ದರು. ಬರ್ಕ್ಲಿಯಲ್ಲಿ ಇಂಗ್ರೆಸ್ ಡೇಟಾಬೇಸ್ ಕಟ್ಟಿದ ಮೈಕೆಲ್ ಸ್ಟೋನ್‌ಬ್ರೇಕರ್ 1981ರಲ್ಲಿ ಬರೆದ ಪ್ರಬಂಧದಲ್ಲಿ, ಆಪರೇಟಿಂಗ್ ಸಿಸ್ಟಂ ಕೊಡುವ ಸೇವೆಗಳು ಡೇಟಾಬೇಸಿಗೆ ಹೊಂದುವುದಿಲ್ಲ ಎಂದು ಒಂದೊಂದಾಗಿ ತೋರಿಸಿದರು. ಪುಟಗಳನ್ನು ಆಯ್ದ ಕ್ರಮದಲ್ಲಿ ಡಿಸ್ಕಿಗೆ ಇಳಿಸುವ ಅನುಕೂಲ ಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ನಾಲ್ಕು ದಶಕ ಕಳೆದ ಮೇಲೆ, 2022ರಲ್ಲಿ, ಆಂಡ್ರ್ಯೂ ಕ್ರಾಟಿ, ವಿಕ್ಟರ್ ಲೈಸ್ ಮತ್ತು ಆಂಡಿ ಪಾವ್ಲೋ ಡೇಟಾಬೇಸಿನಲ್ಲಿ ಎಂಮ್ಯಾಪ್ ಬಳಸುವ ಮುನ್ನ ಮತ್ತೊಮ್ಮೆ ಯೋಚಿಸಿ ಎಂದು ಪ್ರಬಂಧ ಬರೆದರು. ವ್ಯವಹಾರಗಳ ಸುರಕ್ಷತೆ, ಇದ್ದಕ್ಕಿದ್ದಂತೆ ಪ್ರೋಗ್ರಾಂ ನಿಂತುಹೋಗುವುದು, ದೋಷಗಳನ್ನು ನಿಭಾಯಿಸುವ ಕಷ್ಟ, ವೇಗದ ಮಿತಿ ಎಂದು ನಾಲ್ಕು ಆಕ್ಷೇಪಗಳನ್ನು ಅವರು ಮುಂದಿಟ್ಟರು. ಮೊದಲ ಆಕ್ಷೇಪದ ತಿರುಳು ಸ್ಟೋನ್‌ಬ್ರೇಕರ್ ಹೇಳಿದ್ದೇ. ಇಷ್ಟು ವರ್ಷ ಒಂದೇ ದೂರು ಕೇಳಿಬರುತ್ತಿದ್ದರೆ ದೂರುವವರ ಸ್ವಭಾವವನ್ನು ಅನುಮಾನಿಸುವ ಬದಲು ವ್ಯವಸ್ಥೆಯನ್ನು ಪರಿಶೀಲಿಸುವುದು ಒಳ್ಳೆಯದು.

ಕರ್ನಲ್ ಪರವಾದ ವಾದವೂ ಗಟ್ಟಿಯಾದದ್ದೇ. ಇಡೀ ಯಂತ್ರದ ಮೆಮೊರಿಯ ಚಿತ್ರ ಇರುವುದು ಕರ್ನಲ್‌ಗೆ ಮಾತ್ರ. ಪ್ರತಿ ಪ್ರೋಗ್ರಾಮೂ 'ನನ್ನ ಪುಟ ಇಳಿಸಬೇಡ' ಎಂದು ಹಟ ಹಿಡಿದರೆ ಮೆಮೊರಿ ತುಂಬಿ, ಖಾಲಿ ಮಾಡಲು ದಾರಿಯಿಲ್ಲದೆ ಇಡೀ ಯಂತ್ರ ಸಿಕ್ಕಿಬೀಳುತ್ತದೆ. ತಪ್ಪಾಗಿ ಬರೆದ ಅಥವಾ ದುರುದ್ದೇಶದ ಒಂದು ಪ್ರೋಗ್ರಾಂ ಸಾಕು, ಉಳಿದವರೆಲ್ಲ ನರಳಬೇಕಾಗುತ್ತದೆ. ಅಕ್ಕಪಕ್ಕದ ಪುಟಗಳನ್ನು ಒಟ್ಟುಗೂಡಿಸಿ ಬರೆದರೆ ಡಿಸ್ಕಿಗೆ ಶ್ರಮ ಕಡಿಮೆ, ಆ ಒಟ್ಟುಗೂಡಿಸುವಿಕೆಗೂ ಸ್ವಾತಂತ್ರ್ಯ ಬೇಕು. ತಡವಾಗಿ ಬರೆದಷ್ಟೂ ವೇಗ ಹೆಚ್ಚು, ಬೇಗ ಬರೆದಷ್ಟೂ ಕಳೆದುಕೊಳ್ಳುವುದು ಕಡಿಮೆ. ಈ ಎರಡರ ನಡುವೆ ಎಲ್ಲರಿಗೂ ಆಗುವ ಸಮತೋಲವನ್ನು ಕರ್ನಲ್ ಬಿಟ್ಟರೆ ಬೇರೆ ಯಾರು ಹುಡುಕಬಲ್ಲರು?

ಈ ವಾದವನ್ನು ನಾನು ಒಪ್ಪುತ್ತೇನೆ, ಒಂದು ಹಂತದವರೆಗೆ. ಅಪರಿಮಿತವಾಗಿ ತಡೆಹಿಡಿಯುವ ಹಕ್ಕನ್ನು ಯಾವ ಪ್ರೋಗ್ರಾಮಿಗೂ ಕೊಡಲಾಗದು. ಆದರೆ ಇಲ್ಲಿ ಎರಡು ಬೇರೆ ಬೇರೆ ಕೇಳಿಕೆಗಳು ಒಂದರಲ್ಲೊಂದು ಕಲಸಿಹೋಗಿವೆ. ಮೊದಲನೆಯದು ಹೊತ್ತಿನ ಕೇಳಿಕೆ: ಈ ಪುಟ ಇಂಥ ಸಮಯಕ್ಕೆ ಹೋಗಲಿ. ಎರಡನೆಯದು ಕ್ರಮದ ಕೇಳಿಕೆ: ಯಾವಾಗ ಬೇಕಾದರೂ ಹೋಗಲಿ, ಆದರೆ ಅದರ ಹಿಂದೆ ಇದು. ಮೊದಲನೆಯದು ಕರ್ನಲ್‌ನ ಸಮತೋಲಕ್ಕೆ ಅಡ್ಡಿ ಬರಬಹುದು. ಎರಡನೆಯದು ಅಷ್ಟಾಗಿ ಅಡ್ಡಿ ಬರುವುದಿಲ್ಲ. ಮೆಮೊರಿ ಬೇಕಾದಾಗ ಕರ್ನಲ್ ಮೊದಲು ಲಾಗ್ ಇಳಿಸಿ ಆಮೇಲೆ ಪುಟ ಇಳಿಸಿದರಾಯಿತು. ಯಾವ ಪುಟವೂ ಶಾಶ್ವತವಾಗಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಪ್ರೋಗ್ರಾಮಿಗೆ ನಿಜವಾಗಿ ಬೇಕಾಗಿರುವುದೂ ಬಹುತೇಕ ಸಲ ಕ್ರಮವೇ. ಕ್ರಮ ಹೇಳಲು ಭಾಷೆ ಇಲ್ಲದ್ದರಿಂದ ಅದು 'ಈಗಲೇ ಬರೆ, ಮುಗಿಯುವವರೆಗೆ ಕಾಯುತ್ತೇನೆ' ಎಂದು ಕೇಳುತ್ತದೆ. ಆ ಕಾಯುವಿಕೆಯಿಂದ ಹಾಳಾಗುವುದು ಕರ್ನಲ್ ಕಾಪಾಡಬೇಕೆಂದಿದ್ದ ವೇಗವೇ.

ಇದು ಬರಿಯ ಬಯಕೆಯಲ್ಲ, ಮಾಡಿ ತೋರಿಸಿದ ಸಂಗತಿ. 2013ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಕಟ್ಟಿದ 'ಆಪ್ಟ್‌ಎಫ್‌ಎಸ್' ಎಂಬ ಫೈಲ್ ಸಿಸ್ಟಂ ಈ ಎರಡನ್ನೂ ಬೇರ್ಪಡಿಸಿತು. ಕ್ರಮವನ್ನಷ್ಟೇ ಕಾಯುವ ಒಂದು ಕರೆ, ಡಿಸ್ಕಿಗೆ ಮುಟ್ಟಿದ ಖಾತರಿ ಕೊಡುವ ಇನ್ನೊಂದು ಕರೆ. ಅದೇ ವರ್ಷ ರಾಚೆಸ್ಟರ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಲ್ಯಾಬ್ಸ್‌ನ ಸ್ಟಾನ್ ಪಾರ್ಕ್, ಟೆರೆನ್ಸ್ ಕೆಲ್ಲಿ, ಕೈ ಶೆನ್ ಎಂಸಿಂಕ್ ಅನ್ನೇ ತಿದ್ದಿ, ಎರಡು ಎಂಸಿಂಕ್‌ಗಳ ನಡುವೆ ಮಾಡಿದ ಬದಲಾವಣೆಗಳು ಒಂದೋ ಎಲ್ಲವೂ ಫೈಲಿನಲ್ಲಿ ಇರುತ್ತವೆ, ಇಲ್ಲವೇ ಒಂದೂ ಇರುವುದಿಲ್ಲ ಎಂಬ ಖಾತರಿ ಕೊಟ್ಟರು. ನಮ್ಮ 500 ರೂಪಾಯಿಯ ಲೆಕ್ಕಕ್ಕೆ ಬೇಕಿದ್ದದ್ದು ಇದೇ. ಇಂಥ ಕೆಲಸಗಳು ಪ್ರಯೋಗಾಲಯದ ಆಚೆಗೆ, ದಿನಬಳಕೆಯ ಕರ್ನಲ್‌ಗಳಿಗೆ ಸಹಜವಾಗಿ ಸಿಗುವಂತೆ ಬಂದಿಲ್ಲ ಎಂಬುದು ವಿಷಾದದ ವಿಷಯ.

ಹೊತ್ತು ಮತ್ತು ಕ್ರಮದ ಜೊತೆಗೆ ಮೂರನೆಯ ಒಂದು ಹಕ್ಕೂ ಇದೆ, ನಡೆದದ್ದನ್ನು ತಿಳಿಯುವ ಹಕ್ಕು. ಪುಟ ಇಳಿಸಲು ಹೋಗಿ ಡಿಸ್ಕು ಕೈಕೊಟ್ಟರೆ ಮಾತು ಕೊಟ್ಟ ಪ್ರೋಗ್ರಾಮಿಗೆ ಅದು ತಿಳಿಯಬೇಕು. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ತಂಡದವರಿಗೆ ಕಂಗಾಲಾಗುವಂಥ ಸಂಗತಿಯೊಂದು ಮನದಟ್ಟಾಯಿತು. ಡಿಸ್ಕಿಗೆ ಮುಟ್ಟಿಸು ಎಂದು ಕೇಳುವ 'ಎಫ್‌ಸಿಂಕ್' ಕರೆ ವಿಫಲವಾದರೆ ಇನ್ನೊಮ್ಮೆ ಕರೆದರಾಯಿತು ಎಂದು ಅವರು ನಂಬಿದ್ದರು. ಲಿನಕ್ಸ್‌ನಲ್ಲಿ ಬರೆಯಲಾಗದ ಪುಟದ ಡರ್ಟಿ ಗುರುತೂ ಅಳಿಸಿಹೋಗುತ್ತಿತ್ತು. ಎರಡನೆಯ ಕರೆಗೆ ಬರೆಯಬೇಕಾದ್ದೇ ಏನೂ ಇಲ್ಲದ್ದರಿಂದ 'ಎಲ್ಲ ಸರಿಯಾಗಿದೆ' ಎಂಬ ಉತ್ತರ ಬರುತ್ತಿತ್ತು, ಮಾಹಿತಿ ಮಾತ್ರ ಡಿಸ್ಕಿನಲ್ಲಿ ಇರುತ್ತಿರಲಿಲ್ಲ. 2019ರ ಫೆಬ್ರುವರಿಯ ಆವೃತ್ತಿಗಳಿಂದ ಪೋಸ್ಟ್‌ಗ್ರೆಸ್ ತನ್ನ ನಡೆ ಬದಲಿಸಿತು. ಎಫ್‌ಸಿಂಕ್ ಒಮ್ಮೆ ವಿಫಲವಾದರೂ ಡೇಟಾಬೇಸ್ ತನ್ನನ್ನು ತಾನೇ ನಿಲ್ಲಿಸಿಕೊಂಡು, ಮತ್ತೆ ಎದ್ದು, ಲಾಗ್ ಓದಿ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಎಂಮ್ಯಾಪ್‌ನಲ್ಲಿ ಸ್ಥಿತಿ ಇನ್ನೂ ಕಷ್ಟ. ವೇರಿಯಬಲ್‌ಗೆ ಬೆಲೆ ಕೊಡುವ ಸಾಲು ವಿಫಲವಾಗಬಹುದು ಎಂದು ಯಾರೂ ಬರೆಯುವುದಿಲ್ಲ. ಮ್ಯಾಪ್ ಆದ ಖಾಲಿ ಭಾಗಕ್ಕೆ ಬರೆಯುವಾಗ ಡಿಸ್ಕು ತುಂಬಿದ್ದರೆ ಅದೇ ಸಾಲಿನಲ್ಲಿ ಪ್ರೋಗ್ರಾಂ ಒಂದು ಸಿಗ್ನಲ್ ಬಡಿದು ಸಾಯಬಹುದು.

ಕರ್ನಲ್ ಒಂದನ್ನೇ ಹೊಣೆ ಮಾಡುವುದೂ ಸರಿಯಲ್ಲ. ಅದರ ಕೆಳಗೂ ಇದೇ ಕತೆ ನಡೆಯುತ್ತದೆ. ಡಿಸ್ಕಿನೊಳಗೆ ಅದರದ್ದೇ ಸಣ್ಣ ಮೆಮೊರಿ ಇರುತ್ತದೆ, ಅಲ್ಲಿಗೆ ಮುಟ್ಟಿದ್ದನ್ನು 'ಬರೆದಾಯಿತು' ಎಂದು ಡಿಸ್ಕು ಹೇಳಬಹುದು. ಮ್ಯಾಕ್‌ಓಎಸ್‌ನಲ್ಲಿ ಎಫ್‌ಸಿಂಕ್ ಅಷ್ಟಕ್ಕೇ ನಿಲ್ಲುತ್ತದೆ, ಶಾಶ್ವತ ಸಂಗ್ರಹದವರೆಗೂ ಒಯ್ಯಲು 'ಫುಲ್‌ಎಫ್‌ಸಿಂಕ್' ಎಂಬ ಬೇರೆ ಆಜ್ಞೆ ಕೊಡಬೇಕು. ವಿಂಡೋಸ್‌ನಲ್ಲಿ ಮ್ಯಾಪ್ ಆದ ಪುಟಗಳನ್ನು ಇಳಿಸುವ ಕರೆ ಒಂದು, ಡಿಸ್ಕಿಗೆ ಮುಟ್ಟಿದ ಖಾತರಿ ಪಡೆಯುವ ಕರೆ ಇನ್ನೊಂದು. ಎರಡನ್ನೂ ಕ್ರಮವಾಗಿ ಕರೆಯಬೇಕು. ಇಂಟೆಲ್ ಕಂಪನಿಯ ಆಪ್ಟೇನ್ ಎಂಬ ಶಾಶ್ವತ ಮೆಮೊರಿ ಬಂದಾಗ ಡಿಸ್ಕೇ ಬೇಡ, ಮೆಮೊರಿಯಲ್ಲಿ ಬರೆದದ್ದೇ ಉಳಿಯುತ್ತದೆ ಎಂಬ ಆಸೆ ಹುಟ್ಟಿತ್ತು. ಅಲ್ಲಿ ಕರ್ನಲ್‌ನ ಜಾಗದಲ್ಲಿ ಪ್ರೊಸೆಸರಿನೊಳಗಿನ ವೇಗದ ಮೆಮೊರಿಯಾದ ಕ್ಯಾಶ್ ಬಂದು ಕೂತಿತು. ಯಾವ ಸಾಲನ್ನು ಯಾವಾಗ ಹೊರಹಾಕಬೇಕೆಂದು ಕ್ಯಾಶ್ ತಾನೇ ತೀರ್ಮಾನಿಸುತ್ತದೆ. ಬೇಗ ಹೊರಹಾಕು ಎನ್ನಬಹುದು, ತಡೆ ಎನ್ನಲಾಗದು. 2022ರಲ್ಲಿ ಇಂಟೆಲ್ ಆ ಉತ್ಪನ್ನವನ್ನು ಕೈಬಿಟ್ಟಿತು. ಆದರೆ ಅದು ಕಲಿಸಿದ ಪಾಠ ಉಳಿದಿದೆ: ವೇಗದ ಮೆಮೊರಿ ಮತ್ತು ನಿಧಾನದ ಸಂಗ್ರಹ ಎಂಬ ಎರಡು ಮಜಲು ಇರುವಲ್ಲೆಲ್ಲ ಕ್ರಮದ ಪ್ರಶ್ನೆ ಹುಟ್ಟುತ್ತದೆ.

ಹಾಗೆಂದು ಎಂಮ್ಯಾಪ್ ಅನ್ನೇ ಕೈಬಿಡಬೇಕೆ? ಬೇಕಾಗಿಲ್ಲ ಎಂಬುದಕ್ಕೆ ಎಲ್‌ಎಂಡಿಬಿ ಒಳ್ಳೆಯ ನಿದರ್ಶನ. ಓಪನ್‌ಎಲ್‌ಡ್ಯಾಪ್ ಯೋಜನೆಗಾಗಿ ಹೋವರ್ಡ್ ಚು ಕಟ್ಟಿದ ಈ ಪುಟ್ಟ ಡೇಟಾಬೇಸ್ ಇಡೀ ಫೈಲನ್ನು ಮ್ಯಾಪ್ ಮಾಡುತ್ತದೆ, ಆದರೆ ರೂಢಿಯಲ್ಲಿ ಓದಲು ಮಾತ್ರ. ಬರೆಯುವಾಗ ಹಳೆಯ ಪುಟವನ್ನು ಮುಟ್ಟುವುದೇ ಇಲ್ಲ. ಬದಲಾದ ಪುಟದ ಹೊಸ ಪ್ರತಿಯನ್ನು ಬೇರೆ ಜಾಗದಲ್ಲಿ ಮಾಮೂಲಿ ರೈಟ್ ಕರೆಯಿಂದ ಬರೆದು, ಡಿಸ್ಕಿಗೆ ಮುಟ್ಟಿದ್ದನ್ನು ಖಾತರಿ ಮಾಡಿಕೊಳ್ಳುತ್ತದೆ. ಅದಾದ ಮೇಲೆಯೇ 'ಇನ್ನು ಮುಂದೆ ಹೊಸ ಪ್ರತಿಯೇ ನಿಜ' ಎಂದು ಹೇಳುವ ಮೂಲ ಪುಟವನ್ನು ಬರೆಯುತ್ತದೆ. ಅಂಥ ಮೂಲ ಪುಟಗಳು ಎರಡಿದ್ದು ಒಂದಾದ ಮೇಲೊಂದು ಬಳಕೆಯಾಗುತ್ತವೆ. ನಡುವೆ ಯಾವ ಕ್ಷಣದಲ್ಲಿ ಕರೆಂಟು ಹೋದರೂ ಹಿಂದಿನ ಮೂಲ ಪುಟ ತೋರಿಸುವ ಹಳೆಯ ಮಾಹಿತಿ ಪೂರ್ತಿ ಸರಿಯಾಗಿರುತ್ತದೆ. ಓದಲು ಎಂಮ್ಯಾಪ್‌ನ ವೇಗ, ಬರೆಯಲು ತನ್ನದೇ ಕ್ರಮ. ಕರ್ನಲ್ ಕೊಡದ ಹಿಡಿತವನ್ನು ಎಲ್‌ಎಂಡಿಬಿ ವಿನ್ಯಾಸದಿಂದಲೇ ಗಳಿಸಿಕೊಂಡಿದೆ.

ಇದರಿಂದ ಕೆಲಸಕ್ಕೆ ಬರುವ ಕೆಲವು ತೀರ್ಮಾನಗಳು ಹೊರಡುತ್ತವೆ. ಓದುವುದಕ್ಕೆ ಎಂಮ್ಯಾಪ್ ಧಾರಾಳವಾಗಿ ಬಳಸಬಹುದು. ಕಳೆದುಹೋದರೆ ಮತ್ತೆ ಕಟ್ಟಿಕೊಳ್ಳಬಹುದಾದ ಸೂಚಿಗಳಿಗೆ, ಕ್ಯಾಶ್‌ಗಳಿಗೆ ಬರೆಯಲೂ ಬಳಸಬಹುದು. ಇನ್ನೊಬ್ಬರ ಹಣ, ಆರೋಗ್ಯ, ದಾಖಲೆಗೆ ಸಂಬಂಧಿಸಿದ ಮಾಹಿತಿಯನ್ನು ಶೇರ್ಡ್ ಮ್ಯಾಪ್‌ನಲ್ಲಿ ನೇರವಾಗಿ ತಿದ್ದಬಾರದು. ತಿದ್ದಲೇಬೇಕಾದರೆ ಮೊದಲು ಲಾಗ್, ಅದು ಮುಟ್ಟಿದ ಮೇಲೆ ಪುಟ. ಎಂಸಿಂಕ್, ಎಫ್‌ಸಿಂಕ್ ಕೊಡುವ ಉತ್ತರವನ್ನು ನೋಡದೆ ಮುಂದೆ ಹೋಗಬಾರದು, ಅವು ವಿಫಲವಾದರೆ ಮೆಮೊರಿಯಲ್ಲಿರುವುದನ್ನು ನಂಬಬಾರದು. 30 ಸೆಕೆಂಡು, ಶೇಕಡಾ 10 ಎಂಬ ಅಂಕಿಗಳನ್ನು ವೇಗ ಹೊಂದಿಸಲು ಬದಲಿಸಿಕೊಳ್ಳಿ, ಸುರಕ್ಷತೆಯನ್ನು ಅವುಗಳ ಮೇಲೆ ಕಟ್ಟಬೇಡಿ.

ಇಂಥ ಎಚ್ಚರ ಪ್ರತಿ ಪ್ರೋಗ್ರಾಮರನ ಹೆಗಲಿಗೆ ಬಿದ್ದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತಿದೆ. 2014ರಲ್ಲಿ ವಿಸ್ಕಾನ್ಸಿನ್ ತಂಡವೇ ಹನ್ನೊಂದು ಹೆಸರಾಂತ ತಂತ್ರಾಂಶಗಳನ್ನು ಪರೀಕ್ಷಿಸಿ, ಯಂತ್ರ ಕುಸಿದರೆ ಮಾಹಿತಿ ಕೆಡಬಹುದಾದ 60 ಜಾಗಗಳನ್ನು ಗುರುತಿಸಿತು. ಅವು ನುರಿತ ಕೈಗಳಿಂದ ಬಂದ, ಲಕ್ಷಾಂತರ ಜನ ಬಳಸುವ ತಂತ್ರಾಂಶಗಳು. ಬಲ್ಲವರೇ ಇಷ್ಟು ಸಲ ಎಡವುವ ಜಾಗವಿದ್ದರೆ ಎಡವಿದವರನ್ನು ದೂರಿ ಫಲವಿಲ್ಲ, ನೆಲವನ್ನೇ ಸಮ ಮಾಡಬೇಕು. ಕ್ರಮವನ್ನು ಹೇಳಿಕೊಳ್ಳುವ ಒಂದು ಸರಳ ಕರೆ, ಎಲ್ಲವೂ ಅಥವಾ ಏನೂ ಇಲ್ಲ ಎಂಬ ಖಾತರಿಯ ಎಂಸಿಂಕ್, ವಿಫಲವಾದ ಬರವಣಿಗೆಯನ್ನು ಮುಚ್ಚಿಡದೆ ತಿಳಿಸುವ ನಿಯಮ, ಈ ಮೂರು ಕರ್ನಲ್‌ನ ಕಡೆಯಿಂದ ಬರಬೇಕು. ವೇಗದ ಸಮತೋಲ ಅದರ ಕೈಯಲ್ಲೇ ಇರಲಿ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮಂದಿ ಇವತ್ತು ದೇಶದ ಹಣಕಾಸು, ಆಸ್ಪತ್ರೆ, ಸರ್ಕಾರಿ ಸೇವೆಗಳ ತಂತ್ರಾಂಶ ಬರೆಯುತ್ತಿದ್ದಾರೆ. ಲಿನಕ್ಸ್ ಕರ್ನಲ್‌ನ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ, ಅದನ್ನು ಓದಲು, ತಿದ್ದಲು, ಬದಲಾವಣೆ ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಂ ಕಲಿಸುವವರು ಪುಟ ಬದಲಿಸುವ ಸೂತ್ರಗಳ ಜೊತೆಗೆ, ಕರೆಂಟು ಹೋದ ಕ್ಷಣದಲ್ಲಿ ಡಿಸ್ಕಿನ ಮೇಲೆ ಏನಿರುತ್ತದೆ ಎಂಬ ಪ್ರಶ್ನೆಯನ್ನೂ ವಿದ್ಯಾರ್ಥಿಗಳ ಮುಂದಿಡಲಿ. ತಂತ್ರಾಂಶ ಬರೆಯುವವರು 'ಸೇವ್ ಆಗಿದೆ' ಎಂದು ತೆರೆಯ ಮೇಲೆ ಮೂಡಿಸುವ ಮುನ್ನ, ಆ ಮಾಹಿತಿ ಯಾವ ಕ್ರಮದಲ್ಲಿ ಎಲ್ಲಿಗೆ ಮುಟ್ಟಿದೆ ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿ. ಉತ್ತರ ಗೊತ್ತಿಲ್ಲದಿದ್ದರೆ ಆ ಮಾತನ್ನು ಕೊಡುವ ಅಧಿಕಾರ ಯಾವ ತಂತ್ರಾಂಶಕ್ಕೂ ಇಲ್ಲ.